ಸಾಕ್ಷಿ ತಪ್ಪು ಮನುಷ್ಯನನ್ನು ಗುರುತಿಸಿದಾಗ: ಬಂಧನದ ರಾತ್ರಿಯಿಂದ ಮೇಲ್ಮನವಿಯವರೆಗೆ ಮನೆಯವರು ಮಾಡಬೇಕಾದ ಕೆಲಸ

ಹುಬ್ಬಳ್ಳಿಯ ಕೋರ್ಟ್ ಆವರಣದಲ್ಲಿ ವಕೀಲಿಕೆ ಮಾಡುವ ನನ್ನ ಹತ್ತಿರ ಬರುವ ಮನೆಯವರಲ್ಲಿ ಹೆಚ್ಚಿನವರು ಚಾರ್ಜ್‌ಶೀಟ್ ಆದ ಮೇಲೇ ಬರುತ್ತಾರೆ. ಅವರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಸಾಹೇಬ್ರ, ನಮ್ಮ ಹುಡುಗ ಆವತ್ತ ಅಲ್ಲಿ ಇರಲೇ ಇಲ್ರೀ. ಆ ಅಕ್ಕಾರು ಯಾರನ್ನೋ ನೋಡಿ ಇವನ್ನ ತೋರಿಸ್ಯಾರ." ನಾನು ಕೇಳುವುದೂ ಒಂದೇ: ಗುರುತು ಪತ್ತೆ ಪರೇಡ್ (ಆರೋಪಿಯನ್ನು ಅವನನ್ನು ಹೋಲುವವರ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಗೆ ಗುರುತಿಸಲು ಹೇಳುವುದು) ಆಯಿತೇ? ಅದಾಗಿ ಎರಡು ತಿಂಗಳಾಗಿರುತ್ತದೆ. ಅಷ್ಟರಲ್ಲಿ ಅಂಗಡಿಯ ಸಿಸಿಟಿವಿ ಅಳಿಸಿಹೋಗಿರುತ್ತದೆ, ಬಸ್ ಟಿಕೆಟ್ಟಿನ ಅಕ್ಷರ ಮಾಸಿರುತ್ತದೆ, ಹುಡುಗನ ಫೋಟೊ ಅರ್ಧ ಊರಿನ ವಾಟ್ಸಾಪ್‌ನಲ್ಲಿ ಓಡಾಡಿರುತ್ತದೆ. ಎರಡು ವರ್ಷದ ನಂತರ ಕೋರ್ಟಿನಲ್ಲಿ ನಡೆಯುವ ವಾದಕ್ಕೆ ಬೇಕಾದ ಕಾಗದವೆಲ್ಲ ಮೊದಲ ಹತ್ತು ದಿನದಲ್ಲೇ ಹುಟ್ಟಬೇಕು. ಆಮೇಲೆ ಹುಟ್ಟಿಸಲು ಬರುವುದಿಲ್ಲ.

ಆ ಹತ್ತು ದಿನ ಕೈತಪ್ಪಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಕೆಲಸದ ಸಾಲು ಮುಖ್ಯ, ಹಿಂದುಮುಂದು ಮಾಡಬೇಡಿ.

ಮೊದಲು ನೋಡಿಕೊಳ್ಳಬೇಕಾದ್ದು: ಇದು ಗುರುತಿನ ಪ್ರಕರಣವೇ?

ಸಾಕ್ಷಿಗೆ ಆರೋಪಿ ಮೊದಲೇ ಪರಿಚಯವಿದ್ದರೆ, ಅಂದರೆ ಒಂದೇ ಓಣಿಯವರು, ಸಂಬಂಧಿಕರು, ಒಂದೇ ಕಡೆ ದುಡಿಯುವವರು ಆಗಿದ್ದರೆ, ಈ ಮಾರ್ಗದರ್ಶಿ ನಿಮಗೆ ಹೆಚ್ಚು ಉಪಯೋಗವಿಲ್ಲ. ಅಲ್ಲಿ ಪರೇಡ್‌ಗೆ ಅರ್ಥವೇ ಇಲ್ಲ. ಮುಖಪರಿಚಯ ಇಲ್ಲದವರು ಕೆಲವು ಕ್ಷಣ ಕಂಡ ಮುಖವನ್ನು ನೆನಪಿನಿಂದ ತೆಗೆದು "ಇವನೇ" ಎಂದ ಪ್ರಕರಣಕ್ಕೆ ಮಾತ್ರ ಇದು: ಸರಗಳ್ಳತನ, ದಾರಿಯಲ್ಲಿ ಸುಲಿಗೆ, ಜಗಳದ ಗುಂಪಿನಲ್ಲಿ ಬಿದ್ದ ಪೆಟ್ಟು.

ಇನ್ನೊಂದು ಮಾತು. ಸಾಕ್ಷಿ ಸುಳ್ಳು ಹೇಳುತ್ತಿದ್ದಾರೆ ಎಂದು ಶುರು ಮಾಡಬೇಡಿ. ಸರ ಕಳೆದುಕೊಂಡ ಆ ತಾಯಿಗೆ ನಿಮ್ಮ ಮಗನ ಮೇಲೆ ಯಾವ ಹಗೆಯೂ ಇಲ್ಲ. ಅವರು ನಂಬಿದ್ದನ್ನೇ ಹೇಳುತ್ತಿದ್ದಾರೆ. ಚಾಕು ಕಂಡರೆ ಕಣ್ಣು ಚಾಕುವಿನ ಮೇಲೆ ನಿಲ್ಲುತ್ತದೆ, ಮುಖದ ಮೇಲಲ್ಲ. ಆಮೇಲೆ ತೋರಿಸಿದ ಫೋಟೊ, ಕೇಳಿದ ಮಾತು, ಪೇಪರಿನಲ್ಲಿ ಓದಿದ ಸುದ್ದಿ ಎಲ್ಲವೂ ನೆನಪಿನೊಳಗೆ ಸೇರಿಕೊಳ್ಳುತ್ತವೆ. ಯಾವುದು ಮೊದಲಿನದು, ಯಾವುದು ಆಮೇಲೆ ಸೇರಿದ್ದು ಎಂಬುದು ಆ ಮನುಷ್ಯರಿಗೇ ತಿಳಿಯುವುದಿಲ್ಲ.

ಹೊಂದಿಸಿಕೊಳ್ಳಬೇಕಾದ ಸಾಮಾನು

ಉದ್ದನೆಯ ನೋಟ್‌ಬುಕ್ ಒಂದು, ಅಳತೆ ಟೇಪು, ಪೆನ್‌ಡ್ರೈವ್ ಎರಡು, ಆ ವರ್ಷದ ಗೋಡೆ ಕ್ಯಾಲೆಂಡರ್. ಕೃತ್ಯ ನಡೆದ ವಾರದಲ್ಲೇ ತೆಗೆದ ಆರೋಪಿಯ ಫೋಟೊಗಳು ಬೇಕು. ಮದುವೆಯದೋ, ಗೆಳೆಯರ ಜೊತೆಯದೋ, ಯಾವುದಾದರೂ ಆದೀತು, ಆದರೆ ಮೂಲ ಫೈಲ್ ಇರಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ತೆಗೆದ ದಿನ, ಹೊತ್ತು ಉಳಿಯುವುದಿಲ್ಲ. ಓಡಾಟಕ್ಕೆ ಮನೆಯಲ್ಲಿ ಒಬ್ಬರೇ ಇರಲಿ. ಐದು ಜನ ಐದು ಕಡೆ ಓಡಿದರೆ ಯಾವ ಕಾಗದ ಯಾರ ಹತ್ತಿರ ಇದೆ ಎಂಬುದೇ ತಿಳಿಯದೆ ಹೋಗುತ್ತದೆ.

ಹಂತ 1: ಮೊದಲ 24 ಗಂಟೆ

2024ರ ಜುಲೈ 1ರಿಂದ ಈಚಿನ ಕೃತ್ಯಗಳಿಗೆ ಹೊಸ ಕಾನೂನುಗಳು ಅನ್ವಯ. ಬಂಧನದ ವಿಧಿವಿಧಾನ ಇರುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ. ಅದರ 36ನೇ ಕಲಮಿನಂತೆ ಬಂಧನದ ಮೆಮೊ ಬರೆಯಬೇಕು, ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗಣ್ಯರೊಬ್ಬರು ಸಾಕ್ಷಿ ಸಹಿ ಹಾಕಬೇಕು. 47ರಂತೆ ಬಂಧನದ ಕಾರಣ ಹೇಳಬೇಕು, 48ರಂತೆ ಮನೆಯವರಿಗೆ ತಿಳಿಸಬೇಕು, 58ರಂತೆ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣುವ ಹಕ್ಕು 38ನೇ ಕಲಮಿನಲ್ಲಿದೆ. ಬಂಧನದ ಕಾರಣವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ.

ಇದರಲ್ಲಿ ಗುರುತಿನ ಪ್ರಕರಣಕ್ಕೆ ಮುಖ್ಯವಾದದ್ದು ಮೆಮೊದಲ್ಲಿರುವ ದಿನ ಮತ್ತು ಹೊತ್ತು. ಸಹಿ ಹಾಕುವ ಮುಂಚೆ ಓದಿ. ಹುಡುಗನನ್ನು ಸೋಮವಾರ ಸಂಜೆ ಕರೆದೊಯ್ದು ಬುಧವಾರ ಬೆಳಿಗ್ಗೆ ಬಂಧಿಸಿದ್ದಾಗಿ ಬರೆದಿದ್ದರೆ, ಆ ಒಂದೂವರೆ ದಿನದಲ್ಲಿ ಸಾಕ್ಷಿ ಠಾಣೆಗೆ ಬಂದು ಅವನನ್ನು ನೋಡಿರಬಹುದು. ಅಂಥ ಮೆಮೊಗೆ ಸುಮ್ಮನೆ ಸಹಿ ಹಾಕಬೇಡಿ. ನಿಜವಾದ ಹೊತ್ತನ್ನು ನಿಮ್ಮ ಕೈಯಿಂದಲೇ ಬರೆದು ಸಹಿ ಮಾಡಿ. ಬಿಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಹಾಜರಿಯಲ್ಲೇ ವಕೀಲರ ಮೂಲಕ ಹೇಳಿಸಿ.

ವಕೀಲರಿಗೆ ಹಣವಿಲ್ಲ ಎಂದು ಕೂರಬೇಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಧಾರವಾಡ, ಗದಗ, ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕಿನವರಾದರೆ ನಿಮ್ಮ ಕೋರ್ಟಿನಲ್ಲೇ ಇರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಎಫ್‌ಐಆರ್ ಪ್ರತಿಯನ್ನು ಅದೇ ದಿನ ಕೇಳಿ. ಆರೋಪಿಯ ಪರವಾಗಿ ಅರ್ಜಿ ಕೊಟ್ಟರೆ 24 ಗಂಟೆಯೊಳಗೆ ಕೊಡಬೇಕೆಂಬುದು 2016ರ ಸುಪ್ರೀಂ ಕೋರ್ಟ್ ತೀರ್ಪು. ಸೂಕ್ಷ್ಮ ಪ್ರಕರಣ ಬಿಟ್ಟರೆ ಪೊಲೀಸ್ ಇಲಾಖೆಯ ವೆಬ್‌ಸೈಟಿನಲ್ಲೂ ಹಾಕಬೇಕು. ಕೈಗೆ ಬಂದ ಕೂಡಲೇ ಅದರಲ್ಲಿ ಕಳ್ಳನ ಚಹರೆ ಏನು ಬರೆದಿದೆ ನೋಡಿ. ಅದೇ ಈ ಪ್ರಕರಣದ ಮೊದಲ ನೆನಪು. ಅದಕ್ಕಿಂತ ತಾಜಾ ಸಾಕ್ಷ್ಯ ಮುಂದೆಂದೂ ಬರುವುದಿಲ್ಲ.

ಹಂತ 2: ಮುಖವನ್ನು ಮುಚ್ಚಿಡಿ

ಮನೆಯವರು ಅತಿ ಹೆಚ್ಚು ಎಡವುವುದು ಇಲ್ಲಿ. ಸಿಟ್ಟಿನಲ್ಲಿ, ದುಃಖದಲ್ಲಿ ಅಣ್ಣನೋ ಗೆಳೆಯನೋ ಫೇಸ್‌ಬುಕ್‌ನಲ್ಲಿ "ನಮ್ಮ ಹುಡುಗ ನಿರಪರಾಧಿ" ಎಂದು ದೊಡ್ಡ ಫೋಟೊ ಹಾಕುತ್ತಾನೆ. ಅದು ಗುಂಪಿನಿಂದ ಗುಂಪಿಗೆ ಹೋಗುತ್ತದೆ. ಸಾಕ್ಷಿ ಆ ಮುಖವನ್ನು ನೋಡುತ್ತಾರೆ. ಪರೇಡ್‌ನಲ್ಲಿ ಅದೇ ಮುಖ ನಿಂತರೆ ಪರಿಚಿತ ಎನ್ನಿಸುತ್ತದೆ. ಎಲ್ಲಿ ನೋಡಿದ್ದು ಎಂಬುದು ಮರೆತಿರುತ್ತದೆ, ನೋಡಿದ್ದು ಮಾತ್ರ ನೆನಪಿರುತ್ತದೆ. "ಪೊಲೀಸರು ಮುಖ ತೋರಿಸಿಬಿಟ್ಟರು" ಎಂದು ನಾಳೆ ವಾದಿಸಲು ಹೋದರೆ ಸರ್ಕಾರಿ ವಕೀಲರು ನಿಮ್ಮದೇ ಪೋಸ್ಟ್ ತೆಗೆದು ತೋರಿಸುತ್ತಾರೆ.

ಆದ್ದರಿಂದ: ಇರುವ ಪೋಸ್ಟ್ ತೆಗೆಸಿ, ಪ್ರೊಫೈಲ್ ಚಿತ್ರ ಮರೆ ಮಾಡಿ, ಸುದ್ದಿ ಚಾನೆಲ್ಲಿನವರಿಗೆ ಫೋಟೊ ಕೊಡಬೇಡಿ. ಪರೇಡ್ ಆಗುವವರೆಗೆ ಠಾಣೆ, ಆಸ್ಪತ್ರೆ, ಕೋರ್ಟಿಗೆ ಕರೆತರುವಾಗಲೆಲ್ಲ ಮುಖಕ್ಕೆ ಮುಸುಕು ಹಾಕಬೇಕೆಂದು ಮೊದಲ ರಿಮಾಂಡ್ ದಿನವೇ ವಕೀಲರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಲಿ.

ಮುಖ ಆಗಲೇ ಬಯಲಾಗಿದ್ದರೆ ಅದನ್ನೇ ದಾಖಲೆ ಮಾಡಿ. ವಶಪಡಿಸಿಕೊಂಡ ಸಾಮಾನಿನ ಹಿಂದೆ ಆರೋಪಿಗಳನ್ನು ನಿಲ್ಲಿಸಿ ತೆಗೆದ ಚಿತ್ರ ಮರುದಿನ ಪೇಪರಿನಲ್ಲಿ ಬಂದಿದ್ದರೆ ಇಡೀ ಪೇಪರನ್ನು ತೆಗೆದಿಡಿ. ಕತ್ತರಿಸಿದ ತುಂಡಿನಲ್ಲಿ ದಿನಾಂಕ ಇರುವುದಿಲ್ಲ. ಯೂಟ್ಯೂಬ್ ಸುದ್ದಿಯಾದರೆ ವಿಳಾಸ, ಹಾಕಿದ ದಿನ, ಹೊತ್ತು ಬರೆದುಕೊಂಡು ವಿಡಿಯೊ ಇಳಿಸಿಟ್ಟುಕೊಳ್ಳಿ. 2022ರಲ್ಲಿ ಕೇರಳದ ಗಿರೀಶನ್ ನಾಯರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರೇಡ್‌ಗೆ ಬೆಲೆ ಕೊಡದೆ ಬಿಡುಗಡೆ ಮಾಡಿದ್ದಕ್ಕೆ ಒಂದು ಮುಖ್ಯ ಕಾರಣ, ಸಾಕ್ಷಿಗಳಿಗೆ ಆರೋಪಿಗಳನ್ನು ಮೊದಲೇ ನೋಡಲು ಅವಕಾಶ ಸಿಕ್ಕಿತ್ತು ಎಂಬುದು.

ಠಾಣೆಯಲ್ಲೇ ತೋರಿಸಿದರು ಎಂಬ ಅನುಮಾನವಿದ್ದರೆ ಠಾಣೆಯ ಸಿಸಿಟಿವಿ ಉಳಿಸುವಂತೆ ಕೋರ್ಟಿಗೆ ಅರ್ಜಿ ಹಾಕಿ. 2020ರ ಡಿಸೆಂಬರ್‌ನ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನಂತೆ ಠಾಣೆಗಳಲ್ಲಿ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು ಇಡಬೇಕು. ಅರ್ಜಿಯಲ್ಲಿ ದಿನ ಮತ್ತು ಗಂಟೆ ನಮೂದಿಸಿ. "ಎಲ್ಲ ದೃಶ್ಯ ಬೇಕು" ಎಂದರೆ ಏನೂ ಸಿಗುವುದಿಲ್ಲ.

ಹಂತ 3: ಅಳಿಸಿಹೋಗುವುದನ್ನು ಮೊದಲು ಹಿಡಿಯಿರಿ

ಆರೋಪಿ ಆ ಹೊತ್ತಿಗೆ ಬೇರೆ ಕಡೆ ಇದ್ದ ಎಂಬ ವಾದಕ್ಕೆ ಕೋರ್ಟಿನಲ್ಲಿ ಅಲಿಬಿ ಎನ್ನುತ್ತಾರೆ. ಅದನ್ನು ಸಾಬೀತು ಮಾಡುವ ಹೊರೆ ನಿಮ್ಮದು, ಅರೆಬರೆ ಸಾಬೀತು ಸಾಲದು. "ಅಂವಾ ಗದಗಿಗೆ ಹೋಗಿದ್ದ" ಎಂದರೆ ಆಗಲಿಲ್ಲ. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿ.ಮೀ. ಸಂಜೆ 6ಕ್ಕೆ ಅಲ್ಲಿದ್ದವನು ರಾತ್ರಿ 8ಕ್ಕೆ ಇಲ್ಲಿರಬಹುದು. ಕೃತ್ಯದ ಹೊತ್ತಿಗೆ ಅರ್ಧ ಗಂಟೆ ಮೊದಲು, ಅರ್ಧ ಗಂಟೆ ನಂತರ ಅವನೆಲ್ಲಿದ್ದ ಎಂಬುದನ್ನು ತೋರಿಸಬೇಕು.

ಯಾವುದು ಬೇಗ ಅಳಿಯುತ್ತದೋ ಅದನ್ನು ಮೊದಲು ಹಿಡಿಯಿರಿ. ಅಂಗಡಿ, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟಿನ ಕ್ಯಾಮೆರಾಗಳ ಡಿವಿಆರ್ (ದೃಶ್ಯ ದಾಖಲಿಸುವ ಪೆಟ್ಟಿಗೆ) ತುಂಬಿದ ಕೂಡಲೇ ಹಳೆಯದರ ಮೇಲೆ ಹೊಸದು ಕೂರುತ್ತದೆ. ಕೆಲವು ಕಡೆ ಒಂದು ವಾರ, ಕೆಲವು ಕಡೆ ಒಂದು ತಿಂಗಳು. ಅದೇ ದಿನ ಮಾಲೀಕರಿಗೆ ಪತ್ರ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ "ತಲುಪಿದೆ" ಎಂದು ಸಹಿ ಪಡೆಯಿರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಪ್ರಯಾಣ ಮಾಡಿದ್ದರೆ ಬಿಆರ್‌ಟಿಎಸ್ ಕಚೇರಿಗೂ ಹೀಗೆಯೇ ಪತ್ರ ಕೊಡಿ. ಜೊತೆಗೆ ವಕೀಲರು ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಆ ದೃಶ್ಯ ತರಿಸುವಂತೆ ಕೋರ್ಟಿಗೆ ಅರ್ಜಿ ಹಾಕಲಿ. ಅಂಗಡಿಯವರು ಮಾತಿನಲ್ಲಿ ಒಪ್ಪಿದರೂ ನಾಳೆ ಹೆದರಿ ಹಿಂದೆ ಸರಿಯಬಹುದು. ಕೋರ್ಟಿನ ಆದೇಶವಿದ್ದರೆ ಅವರಿಗೂ ಧೈರ್ಯ.

ದೃಶ್ಯ ನೋಡುವಾಗ ಒಂದು ಕೆಲಸ ಮರೆಯಬೇಡಿ. ಡಿವಿಆರ್ ಪರದೆಯ ಗಡಿಯಾರದ ಪಕ್ಕ ನಿಮ್ಮ ಮೊಬೈಲಿನ ಗಡಿಯಾರ ಹಿಡಿದು ಫೋಟೊ ತೆಗೆಯಿರಿ. ಎಷ್ಟೋ ಡಿವಿಆರ್‌ಗಳು ಹತ್ತಿಪ್ಪತ್ತು ನಿಮಿಷ ಹಿಂದುಮುಂದು ಓಡುತ್ತಿರುತ್ತವೆ. ಆ ವ್ಯತ್ಯಾಸ ಬರೆದಿಡದಿದ್ದರೆ ನಿಮ್ಮ ಒಳ್ಳೆಯ ಸಾಕ್ಷ್ಯವೇ ನಿಮಗೆ ಮುಳುವಾಗಬಹುದು. ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ನೆನಪಿಗೆ ಸಾಕು, ಕೋರ್ಟಿಗೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರ ಸಮೇತ ಪ್ರತಿ ಬೇಕು.

ಬಸ್ ಟಿಕೆಟ್, ಹೋಟೆಲ್ ಬಿಲ್ ಶಾಖಕ್ಕೆ ಮೂಡುವ ಕಾಗದದ್ದು. ಜೇಬಿನಲ್ಲಿಟ್ಟರೆ ಬೇಸಿಗೆಯಲ್ಲಿ ವಾರದೊಳಗೇ ಬೆಳ್ಳಗಾಗುತ್ತದೆ. ಸಿಕ್ಕ ಕೂಡಲೇ ಜೆರಾಕ್ಸ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಬೇಡ, ಆ ಶಾಖಕ್ಕೆ ಕಾಗದ ಪೂರ್ತಿ ಕಪ್ಪಾಗುತ್ತದೆ. ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಕೆಲಸವಿದ್ದರೆ ಹೆಬ್ಬೆಟ್ಟಿನ ಹಾಜರಿ ದಾಖಲೆ ಕೇಳಿ. ಯುಪಿಐ ಪಾವತಿ ಹೊತ್ತನ್ನು ಹೇಳುತ್ತದೆ, ಜಾಗವನ್ನು ಹೇಳುವುದಿಲ್ಲ. ಹಣ ಪಡೆದ ಅಂಗಡಿಯವರೇ ಬಂದು ಹೇಳಬೇಕು. ಮೊಬೈಲ್ ಕರೆ ದಾಖಲೆಯನ್ನು ಕಂಪನಿಗಳು ಎರಡು ವರ್ಷ ಇಡುತ್ತವೆ, ಅದಕ್ಕೆ ಅವಸರವಿಲ್ಲ. ಟವರ್ ತೋರಿಸುವುದೂ ಪ್ರದೇಶವನ್ನೇ, ಓಣಿಯನ್ನಲ್ಲ.

ಸಿಕ್ಕಿದ್ದರ ಪಟ್ಟಿ ಮಾಡಿ, ವಕೀಲರು ಓದಿ ಒಪ್ಪಿದ ಮೇಲೆ ತನಿಖಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಎರಡು ವರ್ಷ ಬಿಟ್ಟು ಹೇಳಿದ ಅಲಿಬಿಯನ್ನು ಯಾವ ನ್ಯಾಯಾಧೀಶರೂ ಸುಲಭಕ್ಕೆ ನಂಬುವುದಿಲ್ಲ. ಅಲ್ಲಿ ಇಲ್ಲದ ಮಾವನನ್ನು "ನಾನೂ ಜೊತೆಗಿದ್ದೆ" ಎಂದು ಹೇಳಲು ಕಳಿಸಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ಹತ್ತು ನಿಜ ಅದರ ಜೊತೆ ಕೊಚ್ಚಿಕೊಂಡು ಹೋಗುತ್ತವೆ.

ಹಂತ 4: ಜಾಗಕ್ಕೆ ಹೋಗಿ ನಿಂತು ನೋಡಿ

ಅದೇ ವಾರ, ಅದೇ ಹೊತ್ತಿಗೆ ಹೋಗಿ. ಸಾಕ್ಷಿ ಎಲ್ಲಿದ್ದರು, ಕಳ್ಳ ಎಲ್ಲಿದ್ದ, ನಡುವೆ ಎಷ್ಟು ಅಡಿ ಎಂದು ಟೇಪು ಹಿಡಿದು ಅಳೆಯಿರಿ. ಹತ್ತಿರದ ಬೀದಿದೀಪದ ಕಂಬದ ಸಂಖ್ಯೆ ಬರೆದುಕೊಳ್ಳಿ, ಅದು ಉರಿಯುತ್ತಿದೆಯೇ ನೋಡಿ. ಆವತ್ತು ಕರೆಂಟ್ ಇತ್ತೇ ಎಂದು ಹೆಸ್ಕಾಂಗೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅಮಾವಾಸ್ಯೆಯ ಹಿಂದುಮುಂದೋ ಹುಣ್ಣಿಮೆಯೋ ಎಂಬುದನ್ನು ಗೋಡೆ ಕ್ಯಾಲೆಂಡರ್ ಹೇಳುತ್ತದೆ.

ಎಚ್ಚರಿಕೆ: ಕತ್ತಲೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಕೋರ್ಟಿಗೆ ಕೊಡಬೇಡಿ. ಈಗಿನ ಫೋನುಗಳು ಕತ್ತಲೆಯನ್ನು ತಾವೇ ಬೆಳಗಿಸುತ್ತವೆ. ಕಣ್ಣಿಗೆ ಏನೂ ಕಾಣದ ಜಾಗ ಫೋಟೊದಲ್ಲಿ ಹಗಲಿನಂತೆ ಕಂಡು ನಿಮ್ಮ ವಾದವನ್ನೇ ಕೆಡಿಸುತ್ತದೆ. ಅಳತೆ, ನಕ್ಷೆ, ಅಲ್ಲೇ ವಾಸವಿರುವ ಒಬ್ಬರ ಮಾತು, ಇವು ಮೇಲು.

ಸಾಕ್ಷಿಯ ಮನೆಗೆ ಮಾತ್ರ ಹೋಗಬೇಡಿ, ಹಿರಿಯರನ್ನು ಮುಂದಿಟ್ಟುಕೊಂಡೂ ಬೇಡ. ಕೈಮುಗಿದು ಕೇಳಿಕೊಳ್ಳಲು ಹೋದದ್ದೇ ಬೆದರಿಕೆ ಎಂಬ ದೂರಾಗಿ ಜಾಮೀನು ರದ್ದಾಗುವವರೆಗೆ ಹೋಗಬಹುದು.

ಹಂತ 5: ಗುರುತು ಪತ್ತೆ ಪರೇಡ್

ಪರೇಡ್ ಸಾಮಾನ್ಯವಾಗಿ ಜೈಲಿನಲ್ಲಿ, ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ನಡೆಯುತ್ತದೆ. ಅನೇಕ ಸಲ ತಹಸೀಲ್ದಾರರೇ ಆ ಕೆಲಸ ಮಾಡುತ್ತಾರೆ. ಸಂಹಿತೆಯ 54ನೇ ಕಲಮಿನಡಿ ಕೋರ್ಟ್ ಇದಕ್ಕೆ ಆದೇಶಿಸಬಹುದು. ಅಲ್ಲಿನ ಗುರುತಿಸುವಿಕೆ ತಾನೇ ಮುಖ್ಯ ಸಾಕ್ಷ್ಯವಲ್ಲ. ಕೋರ್ಟಿನಲ್ಲಿ ಗುರುತಿಸಿದ್ದಕ್ಕೆ ಅದು ಬೆಂಬಲ ಮಾತ್ರ. ಆದರೆ ಅನುಭವದಲ್ಲಿ ಹೇಳುವುದಾದರೆ, ಪರೇಡ್‌ನಲ್ಲಿ ಬೆರಳು ತೋರಿಸಿದ ಸಾಕ್ಷಿ ಕೋರ್ಟಿನಲ್ಲಿ ಹಿಂದೆ ಸರಿಯುವುದು ಅಪರೂಪ. ಅಲ್ಲಿಗೆ ನಂಬಿಕೆ ಗಟ್ಟಿಯಾಗಿಬಿಡುತ್ತದೆ.

ವಕೀಲರು ಮುಂಚೆಯೇ ಬರಹದಲ್ಲಿ ಕೇಳಬೇಕಾದ್ದು: ಆರೋಪಿಯ ಜೊತೆ ನಿಲ್ಲುವವರು ವಯಸ್ಸು, ಎತ್ತರ, ಬಣ್ಣ, ಮೈಕಟ್ಟು, ಗಡ್ಡ ಮೀಸೆಯಲ್ಲಿ ಅವನನ್ನು ಹೋಲಬೇಕು, ಅವರ ಸಂಖ್ಯೆ ಐದಾರಕ್ಕಿಂತ ಕಡಿಮೆ ಇರಬಾರದು. ಇಬ್ಬರು ಆರೋಪಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಮುಖದ ಮೇಲೆ ಗಾಯದ ಗುರುತಿದ್ದರೆ ಎಲ್ಲರ ಮುಖಕ್ಕೂ ಅದೇ ಜಾಗದಲ್ಲಿ ಪಟ್ಟಿ ಅಂಟಿಸಬೇಕು. ನಿಲ್ಲುವ ಜಾಗ ಆರಿಸಿಕೊಳ್ಳಲು, ಬಟ್ಟೆ ಬದಲಿಸಲು ಆರೋಪಿಗೆ ಬಿಡಬೇಕು. ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಕರೆಯಬೇಕು. ನೋಡಿ ಬಂದವರು ಕಾಯುತ್ತಿರುವವರ ಜೊತೆ ಮಾತಾಡಬಾರದು. ಪೊಲೀಸರು ಕಣ್ಣಳತೆಯಲ್ಲೂ ಇರಬಾರದು. ತನಿಖೆಯ ಪೊಲೀಸರ ಎದುರು ನಡೆದ ಗುರುತಿಸುವಿಕೆ ಪೊಲೀಸರಿಗೆ ಕೊಟ್ಟ ಹೇಳಿಕೆಯಂತೆಯೇ ಆಗುತ್ತದೆ, ಅದಕ್ಕೆ ಸಾಕ್ಷ್ಯದ ಬೆಲೆ ಇಲ್ಲ.

ಮೇಲಿನದೆಲ್ಲ ಕಾಗದದಲ್ಲಿ ಸರಿಯಿದ್ದೂ ಪರೇಡ್ ಕೆಡಬಹುದು. ಒಂದು ಪ್ರಕರಣದ ಮೆಮೊದಲ್ಲಿ "ಒಂದೇ ಮೈಕಟ್ಟಿನ ಆರು ಜನ" ಎಂದು ಚೆನ್ನಾಗಿ ಬರೆದಿತ್ತು. ಆರೋಪಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲ. ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಾಗ, ಅವನನ್ನು ಗುರುತಿಸಿದ ತಾಯಿಯನ್ನು ನಾನು ಕೇಳಿದೆ: "ಸಾಲಿನ್ಯಾಗ ನಿಂತಾಗ ಅವರ ಕಾಲಾಗ ಏನಿತ್ತರೀ ಅಮ್ಮಾ?" ಆ ತಾಯಿ ಸ್ವಲ್ಪ ಯೋಚಿಸಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದರು: "ಉಳಿದವರೆಲ್ಲಾ ಚಪ್ಪಲಿ ಹಾಕ್ಕೊಂಡಿದ್ರು. ಇಂವ ಒಬ್ಬನ ಬರಿಗಾಲಾಗ ಇದ್ದ." ಲಾಕಪ್ಪಿನಲ್ಲಿ ಅವನ ಚಪ್ಪಲಿ ತೆಗೆಸಿದ್ದು ವಾಪಸ್ ಬಂದೇ ಇರಲಿಲ್ಲ. ಒಡೆದ ಹಿಮ್ಮಡಿಯ ಆ ಎರಡು ಕಾಲು ಯಾರು ಕೈದಿ ಎಂದು ಹೇಳುತ್ತಿದ್ದವು. ಅಂದಿನಿಂದ ನಾನು ಮನೆಯವರಿಗೆ ಹೇಳುವ ಮಾತಿದು: ಪರೇಡ್‌ಗೆ ಮುಂಚಿನ ಭೇಟಿಯಲ್ಲಿ ಒಗೆದ ಸಾದಾ ಅಂಗಿ, ಪ್ಯಾಂಟ್, ಒಂದು ಜೊತೆ ಚಪ್ಪಲಿ ಜೈಲಿಗೆ ಕೊಟ್ಟು ರಸೀದಿ ಪಡೆಯಿರಿ.

ಮೊದಲು ಫೋಟೊ, ಆಮೇಲೆ ಪರೇಡ್ ಎಂಬುದು ಇನ್ನೊಂದು ದೊಡ್ಡ ಅಪಾಯದ ಸೂಚನೆ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1984ರಲ್ಲಿ ಅತ್ಯಾಚಾರಕ್ಕೊಳಗಾದ ಜೆನಿಫರ್ ಥಾಂಪ್ಸನ್ ಎಂಬ ವಿದ್ಯಾರ್ಥಿನಿ ಆ ಹೊತ್ತಿನಲ್ಲೂ ಅವನ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿದ್ದರು. ಫೋಟೊಗಳಲ್ಲಿ ರೊನಾಲ್ಡ್ ಕಾಟನ್‌ನನ್ನು ತೋರಿಸಿದರು. ಆಮೇಲಿನ ಪರೇಡ್‌ನಲ್ಲೂ ಅವನನ್ನೇ ತೋರಿಸಿದರು. ಫೋಟೊದಲ್ಲೂ ಪರೇಡ್‌ನಲ್ಲೂ ಇದ್ದ ಮುಖ ಅವನದೊಂದೇ. ಫೋಟೊದಲ್ಲಿ ತೋರಿಸಿದವನೇ ಇವನು ಎಂದು ಪೊಲೀಸರು ಹೇಳಿದ ಮೇಲೆ ಅವರ ನಂಬಿಕೆ ಕಲ್ಲಾಯಿತು. ಹತ್ತು ವರ್ಷಕ್ಕೂ ಹೆಚ್ಚು ಜೈಲಿನಲ್ಲಿದ್ದ ಕಾಟನ್ 1995ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಬಿಡುಗಡೆಯಾದ. ನಿಜವಾದ ಅಪರಾಧಿ ಬಾಬಿ ಪೂಲ್‌ನನ್ನು ನಡುವೆ ಕೋರ್ಟಿನಲ್ಲಿ ಎದುರಿಗೆ ನಿಲ್ಲಿಸಿದಾಗ, ಇವನನ್ನು ನೋಡಿಯೇ ಇಲ್ಲ ಎಂದಿದ್ದರು ಅವರು. ಅಷ್ಟು ಎಚ್ಚರದಿಂದ ನೋಡಿದವರಿಗೇ ಹೀಗಾಯಿತು. ನಿಮ್ಮ ಪ್ರಕರಣದ ಸಾಕ್ಷಿಗೆ ಠಾಣೆಯಲ್ಲಿ ಯಾರಾದರೂ ಮೊಬೈಲಿನಲ್ಲಿ ಒಂದೇ ಒಂದು ಫೋಟೊ ಹಿಡಿದು "ಇವನೇನ್ರೀ?" ಎಂದಿದ್ದರೆ, ಆ ಪರೇಡ್ ಕೆಟ್ಟ ಹಾಗೆಯೇ.

ಪರೇಡ್‌ಗೆ ನಿಲ್ಲುವುದಿಲ್ಲ ಎನ್ನಬಹುದೇ? ನಿರಾಕರಿಸಿದರೆ ಕೋರ್ಟ್ ಅದನ್ನು ಆರೋಪಿಯ ವಿರುದ್ಧ ಪರಿಗಣಿಸಬಹುದು, ಆದರೆ ಅದೊಂದರಿಂದಲೇ ತಪ್ಪಿತಸ್ಥನಾಗುವುದಿಲ್ಲ. ನನ್ನ ಅಭಿಪ್ರಾಯ: ಮುಖ ತೋರಿಸಿದ್ದಕ್ಕೆ ಕೈಯಲ್ಲಿ ದಾಖಲೆ ಇದ್ದರೆ ಮಾತ್ರ, ಕಾರಣವನ್ನು ಬರೆಸಿ ನಿರಾಕರಿಸಿ. ದಾಖಲೆ ಇಲ್ಲದಿದ್ದರೆ ನಿಲ್ಲಲಿ, ಆದರೆ ಶುರುವಾಗುವ ಮುಂಚೆ ಮ್ಯಾಜಿಸ್ಟ್ರೇಟರು "ಏನಾದರೂ ಹೇಳುವುದಿದೆಯೇ" ಎಂದಾಗ ಸುಮ್ಮನಿರಬಾರದು. "ಇಂಥ ದಿನ, ಇಂಥ ಹೊತ್ತಿನಲ್ಲಿ, ಇಂಥ ಕಡೆ ನನ್ನನ್ನು ತೋರಿಸಿದ್ದಾರೆ" ಎಂದು ನಡೆದದ್ದನ್ನು ನಡೆದ ಹಾಗೆ ಹೇಳಿ ಮೆಮೊದಲ್ಲಿ ಬರೆಸಬೇಕು. ಹೆದರಿದ ಹುಡುಗರು "ಏನಿಲ್ರೀ" ಎಂದುಬಿಡುತ್ತಾರೆ. ಆ ಒಂದು ಮಾತು ಎರಡು ವರ್ಷದ ನಂತರ ದೊಡ್ಡದಾಗಿ ಎದ್ದು ನಿಲ್ಲುತ್ತದೆ. ತಲೆ ಬೋಳಿಸುವುದು, ಗಡ್ಡ ತೆಗೆಯುವುದು ಕೂಡ ಬೇಡ. ತಪ್ಪಿಸಿಕೊಳ್ಳಲು ವೇಷ ಬದಲಿಸಿದ ಎನ್ನುತ್ತಾರೆ.

ಹಂತ 6: ನಾಲ್ಕು ಅಂಕಣದ ಪುಟ

ಚಾರ್ಜ್‌ಶೀಟ್ ಪ್ರತಿ ಬಂದ ಮೇಲೆ ನೋಟ್‌ಬುಕ್ಕಿನ ಒಂದು ಪುಟಕ್ಕೆ ನಾಲ್ಕು ಅಂಕಣ ಗೆರೆ ಹಾಕಿ: ಎಫ್‌ಐಆರ್‌ನಲ್ಲಿ ಹೇಳಿದ್ದು, ಪೊಲೀಸರ ಮುಂದಿನ ಹೇಳಿಕೆ, ಪರೇಡ್ ಮೆಮೊ, ಕೋರ್ಟಿನ ಸಾಕ್ಷ್ಯ. ಕೊನೆಯದು ಖಾಲಿ ಇರಲಿ. ಎಡಗಡೆ ವಯಸ್ಸು, ಎತ್ತರ, ಬಣ್ಣ, ಕೂದಲು, ಗಡ್ಡ, ಬಟ್ಟೆ, ಭಾಷೆ, ಹೆಲ್ಮೆಟ್, ಬೈಕ್ ಎಂದು ಬರೆಯಿರಿ. ಎಫ್‌ಐಆರ್‌ನಲ್ಲಿ "ಸುಮಾರು 25ರಿಂದ 30 ವರ್ಷದ ಇಬ್ಬರು ಅಪರಿಚಿತರು" ಎಂದಷ್ಟೇ ಇದ್ದು, ಬಂಧನವಾದ ಮೇಲಿನ ಹೇಳಿಕೆಯಲ್ಲಿ "ಎಡಹುಬ್ಬಿನ ಮೇಲೆ ಗಾಯದ ಗುರುತು" ಬಂದಿದ್ದರೆ, ಆ ಗುರುತು ಸಾಕ್ಷಿಯ ನೆನಪಿನಿಂದ ಬಂದಿಲ್ಲ. ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಆ ವಾರದ ಫೋಟೊಗಳು ಕೆಲಸಕ್ಕೆ ಬರುವುದು ಇಲ್ಲೇ. ಎಫ್‌ಐಆರ್ ಕಳ್ಳನಿಗೆ ಗಡ್ಡವಿರಲಿಲ್ಲ ಎನ್ನುತ್ತದೆ, ಎರಡು ದಿನ ಮೊದಲಿನ ಮದುವೆಯ ಫೋಟೊದಲ್ಲಿ ನಿಮ್ಮ ಹುಡುಗನಿಗೆ ತುಂಬು ಗಡ್ಡವಿದೆ ಎಂದುಕೊಳ್ಳಿ. ಹತ್ತು ಸಾಕ್ಷಿಗಳಿಗಿಂತ ಅದು ಮಿಗಿಲು.

ಎಫ್‌ಐಆರ್‌ನಲ್ಲಿ ಚಹರೆ ಇಲ್ಲ, ಪರೇಡ್ ಕೂಡ ಆಗಿಲ್ಲ, ನೇರ ಕೋರ್ಟಿನಲ್ಲೇ ಮೊದಲ ಸಲ ಗುರುತಿಸಿದ್ದಾರೆ ಎಂದರೆ 2022ರ ಅಮ್ರಿಕ್ ಸಿಂಗ್ ಪ್ರಕರಣದ ತೀರ್ಪನ್ನು ವಕೀಲರಿಗೆ ನೆನಪಿಸಿ. ಅಂಥ ಗುರುತಿಸುವಿಕೆಯ ಮೇಲಷ್ಟೇ ಶಿಕ್ಷೆ ಕೊಡುವುದು ಸುರಕ್ಷಿತವಲ್ಲ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಹೇಳಿದೆ.

ಪೊಲೀಸರು ಚಾರ್ಜ್‌ಶೀಟ್‌ಗೆ ಸೇರಿಸದ ಕಾಗದಗಳ ಪಟ್ಟಿಯನ್ನೂ ಅರ್ಜಿ ಹಾಕಿ ಕೇಳಿ. ಇದು ಕೆಲಸಕ್ಕೆ ಬಾರದ ಔಪಚಾರಿಕತೆಯಲ್ಲ. ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ 2003ರ ಪ್ರಕರಣವೊಂದರಲ್ಲಿ ಆರು ಜನರಿಗೆ ಮರಣದಂಡನೆಯಾಗಿತ್ತು. ಬದುಕುಳಿದ ಸಾಕ್ಷಿ ಘಟನೆಯಾದ ಎರಡೇ ದಿನಕ್ಕೆ ಪೊಲೀಸರ ಫೋಟೊ ಆಲ್ಬಮ್ಮಿನಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದರು. ಆ ವಿಷಯ ಮುಚ್ಚಿಹೋಗಿತ್ತು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆರೂ ಜನರನ್ನು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಹದಿನಾರು ವರ್ಷ ಸವೆದಿತ್ತು.

ಹಂತ 7: ಜಾಮೀನು, ಮತ್ತು ಒಂದು ಅರ್ಜಿಯಲ್ಲಿರುವ ಬಲೆ

ತನಿಖೆ 60 ಅಥವಾ 90 ದಿನದಲ್ಲಿ ಮುಗಿದು ಚಾರ್ಜ್‌ಶೀಟ್ ಬರದಿದ್ದರೆ ಸಂಹಿತೆಯ 187ನೇ ಕಲಮಿನಂತೆ ಜಾಮೀನು ಹಕ್ಕಾಗುತ್ತದೆ. ದಿನ ಎಣಿಸಿಡಿ, ಚಾರ್ಜ್‌ಶೀಟ್ ಬರುವ ಮುಂಚೆ ಅರ್ಜಿ ಬೀಳಬೇಕು. ಮಾಮೂಲಿ ಜಾಮೀನಿಗೆ ಪರೇಡ್ ಮುಗಿದ ಮೇಲೆ ಹೋಗುವುದು ಎಷ್ಟೋ ಸಲ ಮೇಲು. ಹೊರಗೆ ಬಂದವನ ಮುಖವನ್ನು ಮುಚ್ಚಿಡಲು ಆಗುವುದಿಲ್ಲ.

ಜಾಮೀನಾದ ಮೇಲೆ ಬಲೆ ಇರುವುದು ಗೈರುಹಾಜರಿ ಅರ್ಜಿಯಲ್ಲಿ. ಒಂದು ದಿನ ಬರಲಾಗದಿದ್ದರೆ ಹಾಕುವ ಆ ಅರ್ಜಿಯ ಅಚ್ಚಿನ ನಮೂನೆಯಲ್ಲಿ "ಆರೋಪಿಯ ಗುರುತಿನ ಬಗ್ಗೆ ತಕರಾರಿಲ್ಲ" ಎಂಬ ಸಾಲು ಇರುವುದುಂಟು. ಗುರುತೇ ತಕರಾರಾಗಿರುವ ಪ್ರಕರಣದಲ್ಲಿ ಅದಕ್ಕೆ ಸಹಿ ಹಾಕಿದರೆ ಬುಡಕ್ಕೇ ಕೊಡಲಿ ಪೆಟ್ಟು. ಆ ಸಾಲು ಹೊಡೆದುಹಾಕಿಸಿ, ಇಲ್ಲವೇ ಕೋರ್ಟಿಗೆ ತಪ್ಪದೆ ಹಾಜರಾಗಿ.

ಹಂತ 8: ಪಾಟೀ ಸವಾಲು

ಇದು ವಕೀಲರ ಕೆಲಸ. ಆದರೂ ಮನೆಯವರಿಗೆ ತಿಳಿದಿರಲಿ, ಏಕೆಂದರೆ "ಜೋರಾಗಿ ಕೇಳ್ರೀ, ಸುಳ್ಳು ಹೇಳಾಕತ್ತಾರ ಅನ್ರೀ" ಎಂದು ಹಿಂದಿನಿಂದ ಒತ್ತಡ ಹಾಕುವವರು ಅವರೇ. ಸರ ಕಳೆದುಕೊಂಡ ಹೆಂಗಸನ್ನು ಸುಳ್ಳುಗಾರ್ತಿ ಎಂದರೆ ನ್ಯಾಯಾಧೀಶರ ಮನಸ್ಸು ಅವರ ಕಡೆಗೇ ವಾಲುತ್ತದೆ.

ಪ್ರಶ್ನೆಗಳ ಸಾಲು ಹೀಗಿರಲಿ. ಮೊದಲು ಬೆಳಕು, ದೂರ, ಹೊತ್ತು, ಎಷ್ಟು ಸೆಕೆಂಡು, ಕಣ್ಣು ಎಲ್ಲಿತ್ತು. ಆಮೇಲೆ ಎಫ್‌ಐಆರ್‌ನಲ್ಲಿ ಬರೆಸಿದ ಚಹರೆ. ಆಮೇಲೆ ಘಟನೆಗೂ ಪರೇಡ್‌ಗೂ ನಡುವೆ ಎಷ್ಟು ಸಲ ಠಾಣೆಗೆ ಹೋದರು, ಯಾವ ಫೋಟೊ ನೋಡಿದರು, ವಾಟ್ಸಾಪ್‌ನಲ್ಲಿ ಏನು ಬಂತು. ಕೊನೆಗೆ ಪರೇಡ್ ಮುಗಿದ ಮೇಲೆ ಯಾರು ಏನು ಹೇಳಿದರು. ಅಲ್ಲಿಗೆ ನಿಲ್ಲಿಸಬೇಕು. "ಇವನೇ ಎಂದು ಖಾತ್ರಿಯೇ?" ಎಂದು ಕೇಳಲೇಬಾರದು. ಖಾತ್ರಿ ಅವರಿಗೆ ಇದ್ದೇ ಇದೆ. ನಮ್ಮ ಪ್ರಶ್ನೆ ಆ ಖಾತ್ರಿ ಎಲ್ಲಿಂದ ಬಂತು ಎಂಬುದು.

ಮೊದಲ ಹೇಳಿಕೆಯಲ್ಲಿ ಇಲ್ಲದ್ದು ಕೋರ್ಟಿನಲ್ಲಿ ಬಂದರೆ ಅದನ್ನು ಸಾಕ್ಷಿಗೆ ಕೇಳಿ ಬಿಟ್ಟರಾಗದು. ತನಿಖಾಧಿಕಾರಿಯನ್ನು ವಿಚಾರಿಸುವಾಗ ಅವರ ಬಾಯಿಂದಲೂ ಬರಿಸಬೇಕು. ಇದನ್ನು ಮರೆತು ಸೋತ ಪ್ರಕರಣಗಳಿವೆ. ನಿಮ್ಮ ನಾಲ್ಕು ಅಂಕಣದ ಪುಟವನ್ನು ಆ ದಿನ ವಕೀಲರ ಕೈಗೆ ಕೊಡಿ.

ನೀವೇ ಸಾಕ್ಷಿಯಾಗಿದ್ದರೆ

ಇದನ್ನು ಓದುವವರಲ್ಲಿ ಸರ ಕಳೆದುಕೊಂಡವರೂ ಇರಬಹುದು. ಘಟನೆಯಾದ ಕೂಡಲೇ, ಯಾರ ಜೊತೆಗೂ ಮಾತಾಡುವ ಮುಂಚೆ, ಕಂಡದ್ದನ್ನು ಬರೆದಿಡಿ. ಕಾಣದ್ದನ್ನು "ಕಾಣಲಿಲ್ಲ" ಎಂದೇ ಬರೆಸಿ. ಒಂದೇ ಫೋಟೊ ತೋರಿಸಿ ಕೇಳಿದರೆ, "ಪರೇಡ್ ಮಾಡಿಸ್ರೀ, ಅಲ್ಲೇ ನೋಡಿ ಹೇಳ್ತೀನಿ" ಎನ್ನಿ. ಸಾಲಿನಲ್ಲಿ ಕಳ್ಳ ಇರಲೇಬೇಕೆಂದೇನಿಲ್ಲ. ಇದ್ದವರಲ್ಲಿ ಹೆಚ್ಚು ಹೋಲುವವನನ್ನು ಆರಿಸುವುದು ನಿಮ್ಮ ಕೆಲಸವಲ್ಲ. "ಇವರಲ್ಲಿ ಯಾರೂ ಅಲ್ರೀ" ಎಂದು ಹೇಳಿ ಹೊರಗೆ ಬರಬಹುದು.

ಹಂತ 9: ಆರೋಪಿಯ ಹೇಳಿಕೆ, ತೀರ್ಪು, ಮೇಲ್ಮನವಿ

ಸಾಕ್ಷಿಗಳೆಲ್ಲ ಮುಗಿದ ಮೇಲೆ ಸಂಹಿತೆಯ 351ನೇ ಕಲಮಿನಡಿ ನ್ಯಾಯಾಧೀಶರು ಆರೋಪಿಯನ್ನೇ ಕೇಳುತ್ತಾರೆ. ಎಲ್ಲದಕ್ಕೂ "ಸುಳ್ಳು", "ಗೊತ್ತಿಲ್ಲ" ಎಂದು ಮುಗಿಸಿಬಿಡುವುದು ಇಲ್ಲಿನ ರೂಢಿ. ಹಾಗೆ ಮಾಡಬೇಡಿ. ತಾನು ಎಲ್ಲಿದ್ದೆ, ತನ್ನ ಮುಖವನ್ನು ಯಾವಾಗ ತೋರಿಸಿದರು ಎಂಬುದನ್ನು ಬರಹದಲ್ಲೇ ಕೊಡಲು ಅವಕಾಶವಿದೆ.

ತೀರ್ಪು ವಿರುದ್ಧ ಬಂದರೆ ಆ ದಿನವೇ ಶಿಕ್ಷೆ ಅಮಾನತಿಗೆ ಅರ್ಜಿ ಹಾಕಬಹುದೇ ಎಂದು ವಕೀಲರನ್ನು ಕೇಳಿ. ಮ್ಯಾಜಿಸ್ಟ್ರೇಟ್ ಕೋರ್ಟಿನ ತೀರ್ಪಿಗೆ ಸೆಷನ್ಸ್ ಕೋರ್ಟಿಗೆ 30 ದಿನ, ಸೆಷನ್ಸ್ ತೀರ್ಪಿಗೆ ಹೈಕೋರ್ಟಿಗೆ 60 ದಿನದ ಗಡುವು. ಧಾರವಾಡ, ಗದಗ, ಹಾವೇರಿಯವರು ಬೆಂಗಳೂರಿಗೆ ಹೋಗಬೇಕಿಲ್ಲ, ಧಾರವಾಡದ ಹೈಕೋರ್ಟ್ ಪೀಠ ಇಲ್ಲೇ ಇದೆ. ಜೈಲಿನಲ್ಲಿರುವವರು ಜೈಲಧಿಕಾರಿಯ ಮೂಲಕವೇ ಮೇಲ್ಮನವಿ ಕೊಡಬಹುದು, ಕಾನೂನು ಸೇವಾ ಸಮಿತಿ ವಕೀಲರನ್ನು ಕೊಡುತ್ತದೆ. ಮೇಲಿನ ಕೋರ್ಟಿನಲ್ಲಿ ಹೊಸ ಸಾಕ್ಷ್ಯ ಸೇರಿಸಲು ಅವಕಾಶ ಬಹಳ ಕಡಿಮೆ. ಪರೇಡ್ ಮೆಮೊ, ಆ ದಿನದ ಪೇಪರ್, ಅಂಗಡಿಯವರು "ತಲುಪಿದೆ" ಎಂದು ಸಹಿ ಹಾಕಿದ ಪತ್ರ, ಗಡ್ಡವಿದ್ದ ಫೋಟೊ ಇವೆಲ್ಲ ಕೆಳಗಿನ ಕೋರ್ಟಿನ ಕಡತದಲ್ಲಿ ದಾಖಲೆಯಾಗಿ, ಗುರುತು ಸಂಖ್ಯೆ ಬಿದ್ದು ಸೇರಿವೆಯೇ ಎಂದು ತೀರ್ಪಿಗೆ ಮುಂಚೆಯೇ ಒಂದೊಂದಾಗಿ ನೋಡಿಕೊಳ್ಳಿ.